ಪಾನಪಾತ್ರೆ, ಹದ್ದು, ಶಿಲುಬೆ: ರಿಕ್ಸ್‌ಡೋರ್ಫ್ ಎಂಬ ಹಳ್ಳಿಯ ಲಾಂಛನ

ಬರ್ಲಿನ್ ಮಹಾನಗರದ ಹನ್ನೆರಡು ಆಡಳಿತ ವಲಯಗಳಲ್ಲಿ ನೊಯ್‌ಕೋಲ್ನ್ ಒಂದು. ಅದರ ಲಾಂಛನ ಒಂದು ಗುರಾಣಿ. ಅಡ್ಡಗೆರೆಯೊಂದು ಗುರಾಣಿಯನ್ನು ಎರಡು ಪಾಲು ಮಾಡುತ್ತದೆ, ಮೇಲಿನ ಪಾಲು ಮತ್ತೆ ನೆಟ್ಟಗೆ ಎರಡಾಗುತ್ತದೆ. ನೋಡುವವರ ಎಡಕ್ಕೆ, ಕಪ್ಪು ನೆಲದ ಮೇಲೆ ಒಂದು ಪಾನಪಾತ್ರೆ. ಅದರ ಪಕ್ಕದಲ್ಲಿ, ಬೆಳ್ಳಿಯ ನೆಲದ ಮೇಲೆ ರೆಕ್ಕೆ ಬಿಚ್ಚಿದ ಕೆಂಪು ಹದ್ದು. ಕೆಳಗೆ, ಕೆಂಪು ನೆಲದ ಮೇಲೆ ಬಿಳಿಯ ಶಿಲುಬೆ.

ಈ ಗುರಾಣಿ ಮೂಲದಲ್ಲಿ ರಿಕ್ಸ್‌ಡೋರ್ಫ್ ಎಂಬ ಊರಿನದು. ಹಳ್ಳಿಯಾಗಿದ್ದದ್ದು ಬೆಳೆದು ನಗರವಾಯಿತು, ನಗರವಾದ ಮೇಲೆ ಹೆಸರು ಬದಲಾಯಿಸಿಕೊಂಡಿತು, ಕೊನೆಗೆ ಬರ್ಲಿನ್ನಿನೊಳಗೆ ಕರಗಿಹೋಯಿತು. ಲಾಂಛನ ಮಾತ್ರ ಉಳಿಯಿತು.

ಲಾಂಛನ ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಚಾಲುಕ್ಯರ ವರಾಹ, ಮೈಸೂರಿನ ಗಂಡಭೇರುಂಡ. ಅವು ಅರಸುಮನೆತನದ ಗುರುತುಗಳು. ಜರ್ಮನಿಯಲ್ಲಿ ಕೆಲವೇ ನೂರು ಮಂದಿ ಇರುವ ಹಳ್ಳಿಗೂ ತನ್ನದೇ ಲಾಂಛನ ಇರುವುದುಂಟು. 12ನೆಯ ಶತಮಾನದಲ್ಲಿ, ಕಬ್ಬಿಣದ ಶಿರಸ್ತ್ರಾಣದೊಳಗೆ ಮುಖ ಮುಚ್ಚಿಹೋಗುತ್ತಿದ್ದ ಸವಾರರ ಗುರಾಣಿಗಳ ಮೇಲೆ ಈ ಚಿತ್ರಗಳು ಕಾಣಿಸಿಕೊಂಡವು. ಆಮೇಲೆ ನಗರಗಳು ಅವನ್ನು ತಮ್ಮ ಮುದ್ರೆಗಳಿಗೆ ತಂದುಕೊಂಡವು. ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ. ಹೆಚ್ಚಿನ ಜರ್ಮನ್ ಹಳ್ಳಿಗಳ ಲಾಂಛನಗಳು 20ನೆಯ ಶತಮಾನದವು. ಹಾಗಾಗಿ ಹಳ್ಳಿಯ ಲಾಂಛನವನ್ನು ಹಳೆಯ ಕಾಲದ ಪಳೆಯುಳಿಕೆ ಎಂದು ನೋಡಿದರೆ ದಾರಿ ತಪ್ಪುತ್ತೇವೆ. ತಮ್ಮ ಊರಿನ ಹಿಂದಿನದರಲ್ಲಿ ಯಾವುದನ್ನು ನೆನಪಿಡಬೇಕು, ಯಾವುದನ್ನು ಬಿಡಬೇಕು ಎಂದು ಊರಿನವರೇ ಕುಳಿತು ಮಾಡಿದ ತೀರ್ಮಾನ ಅದು.

ರಿಕ್ಸ್‌ಡೋರ್ಫ್‌ನವರು 1903ರಲ್ಲಿ ಮಾಡಿದ ತೀರ್ಮಾನ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಈ ಮೂರು ಗುರುತುಗಳು ಸಹಜವಾಗಿ ಒಂದೆಡೆ ಸೇರುವಂಥವಲ್ಲ. 15ನೆಯ ಶತಮಾನದಲ್ಲಿ ಪಾನಪಾತ್ರೆಯ ಬಾವುಟ ಹಿಡಿದವರೂ ಹದ್ದಿನ ಬಾವುಟ ಹಿಡಿದವರೂ ಒಬ್ಬರನ್ನೊಬ್ಬರು ಕೊಂದಿದ್ದಾರೆ. ಶಿಲುಬೆಯವರ ಮಠಗಳನ್ನು ಪಾನಪಾತ್ರೆಯವರು ಸುಟ್ಟಿದ್ದಾರೆ. ಇವೆಲ್ಲ ಒಂದೇ ಗುರಾಣಿಗೆ ಬಂದದ್ದು ಹೇಗೆ ಎಂಬುದೇ ಇಲ್ಲಿಯ ಕಥೆ.

ಶಿಲುಬೆ ಎಲ್ಲಕ್ಕಿಂತ ಹಳೆಯದು, ಅದರ ಕಥೆಯೂ ಸರಳ. ಬರ್ಲಿನ್ನಿನ ದಕ್ಷಿಣದ ಹಲವು ಹೊಲಗದ್ದೆಗಳು ಒಂದು ಕಾಲಕ್ಕೆ ಟೆಂಪ್ಲರ್ ಎಂಬ ಯೋಧಸನ್ಯಾಸಿಗಳ ಕೈಯಲ್ಲಿದ್ದವು. ಇಂದಿನ ಟೆಂಪೆಲ್‌ಹೋಫ್ ಎಂಬ ಹೆಸರೇ ಅವರದು. 1312ರಲ್ಲಿ ಪೋಪ್ ಆ ಪಂಥವನ್ನು ವಿಸರ್ಜಿಸಿದ. ಅವರ ಆಸ್ತಿ ಜೋಹಾನಿಟರ್ ಎಂಬ ಇನ್ನೊಂದು ಯೋಧಪಂಥದ ಪಾಲಾಯಿತು. ಜೆರುಸಲೇಮಿನಲ್ಲಿ ಯಾತ್ರಿಕರ ಆಸ್ಪತ್ರೆ ನಡೆಸುತ್ತ ಹುಟ್ಟಿಕೊಂಡ, ಆಮೇಲೆ ಕತ್ತಿ ಹಿಡಿದ ಪಂಥ ಅದು. ಅದರ ಗುರುತು ಕೆಂಪಿನ ಮೇಲೆ ಬಿಳಿಯ ಶಿಲುಬೆ. 1360ರ ಜೂನ್ 26ರಂದು ಜೋಹಾನಿಟರ್ ಮುಖಂಡರು ಒಂದು ಪತ್ರ ಬರೆಸಿದರು: ರಿಖಾರ್ಡ್ಸ್‌ಹೋಫ್ ಎಂಬ ತಮ್ಮ ತೋಟದ ಮನೆ ಇನ್ನು ಮುಂದೆ ರಿಖಾರ್ಡ್ಸ್‌ಡೋರ್ಫ್, ಅಂದರೆ ರಿಖಾರ್ಡನ ಹಳ್ಳಿ. ಜನರ ಬಾಯಲ್ಲಿ ಸವೆದು ಅದು ರಿಕ್ಸ್‌ಡೋರ್ಫ್ ಆಯಿತು. ಬರ್ಲಿನ್ ಸುತ್ತಲಿನ ಹಳ್ಳಿಗಳಲ್ಲಿ ಹೆಚ್ಚಿನವು ಬೇರಾವುದೋ ದಾಖಲೆಯಲ್ಲಿ ಹೆಸರು ಬಂದ ವರ್ಷವನ್ನೇ ಹುಟ್ಟಿದ ವರ್ಷವೆಂದು ಹಿಡಿದುಕೊಳ್ಳಬೇಕು. ರಿಕ್ಸ್‌ಡೋರ್ಫ್‌ಗೆ ಮಾತ್ರ ತಾರೀಖು ಸಮೇತ ಜನ್ಮಪತ್ರವಿದೆ.

ಹದ್ದು ಮತ್ತು ಪಾನಪಾತ್ರೆಯ ಕಥೆ ತಿಳಿಯಲು ರಿಕ್ಸ್‌ಡೋರ್ಫ್ ಬಿಟ್ಟು ತುಂಬ ದೂರ ಹೋಗಬೇಕು. ಜರ್ಮನಿಯ ದಕ್ಷಿಣದ ಅಂಚಿನಲ್ಲಿ ದೊಡ್ಡದೊಂದು ಸರೋವರ, ಅದರ ದಂಡೆಯಲ್ಲಿ ಕಾನ್‌ಸ್ಟಾನ್ಸ್ ನಗರ. 1414ರಿಂದ 1418ರವರೆಗೆ ಅಲ್ಲಿ ಕ್ರೈಸ್ತ ಜಗತ್ತಿನ ಮಹಾಸಭೆ ನಡೆಯಿತು. ಏಕಕಾಲಕ್ಕೆ ಮೂವರು ತಾವೇ ಪೋಪ್ ಎಂದು ಹೇಳಿಕೊಳ್ಳುತ್ತಿದ್ದ ಕಾಲ. ಆ ಗೊಂದಲ ಬಗೆಹರಿಸಲು ರಾಜ ಸಿಗಿಸ್ಮಂಡ್ ಸಭೆ ಕರೆಸಿದ್ದ.

ಈ ಸಭೆಗೆ ಬಂದವರಲ್ಲಿ ಇಬ್ಬರು ನಮಗೆ ಬೇಕಾದವರು. ಒಬ್ಬ ನ್ಯೂರೆಂಬರ್ಗ್‌ನ ಕೋಟೆಪಾಲಕ, ಹೋಹೆನ್‌ಝೋಲರ್ನ್ ಮನೆತನದ ಫ್ರೀಡ್ರಿಖ್. ಸಿಗಿಸ್ಮಂಡ್ ರಾಜನಾಗಿ ಆರಿಸಿಬರಲು ಓಡಾಡಿದ್ದವನು ಇವನೇ. ಆ ಋಣಕ್ಕೆ ಪ್ರತಿಯಾಗಿ 1415ರ ಏಪ್ರಿಲ್ 30ರಂದು ಸಿಗಿಸ್ಮಂಡ್ ಅವನಿಗೆ ಬರ್ಲಿನ್ ಸುತ್ತಲಿನ ಬ್ರಾಂಡೆನ್‌ಬುರ್ಗ್ ಪ್ರಾಂತ್ಯವನ್ನು, ಸಾಮ್ರಾಟನನ್ನು ಆರಿಸುವ ಮತದ ಅಧಿಕಾರದ ಸಮೇತ, ವಹಿಸಿಕೊಟ್ಟ. ಬ್ರಾಂಡೆನ್‌ಬುರ್ಗ್‌ನ ಕೆಂಪು ಹದ್ದು ಅದಕ್ಕಿಂತ ಎರಡೂವರೆ ಶತಮಾನ ಹಳೆಯದು. ಅದು ಹೋಹೆನ್‌ಝೋಲರ್ನ್‌ಗಳ ಕೈಸೇರಿದ್ದು ಅಂದು. 1918ರಲ್ಲಿ ಕೊನೆಯ ಕೈಸರ್ ಸಿಂಹಾಸನ ಬಿಡುವವರೆಗೆ, ಐನೂರು ವರ್ಷ, ಅದು ಅವರ ಕೈಯಲ್ಲೇ ಇತ್ತು.

ಇನ್ನೊಬ್ಬ ಯಾನ್ ಹುಸ್. ಬೊಹೆಮಿಯಾದವನು, ಅಂದರೆ ಇಂದಿನ ಝೆಕ್ ದೇಶದವನು. ಪ್ರಾಗ್‌ನ ಬೆತ್ಲೆಹೆಮ್ ಪ್ರಾರ್ಥನಾಮಂದಿರದಲ್ಲಿ 1402ರಿಂದ ಲ್ಯಾಟಿನ್ ಬಿಟ್ಟು ಜನರ ಝೆಕ್ ಭಾಷೆಯಲ್ಲಿ ಉಪದೇಶ ಮಾಡುತ್ತಿದ್ದ ಪಾದ್ರಿ. ದುಡ್ಡು ತೆಗೆದುಕೊಂಡು ಪಾಪಪರಿಹಾರದ ಚೀಟಿ ಕೊಡುವುದನ್ನು, ಧರ್ಮಗುರುಗಳ ಸಿರಿವಂತಿಕೆಯನ್ನು ಅವನು ಬಹಿರಂಗವಾಗಿ ಖಂಡಿಸಿದ. ಸುರಕ್ಷಿತವಾಗಿ ಬಂದುಹೋಗಬಹುದೆಂದು ಸಿಗಿಸ್ಮಂಡ್ ರಕ್ಷಣೆಯ ಪತ್ರ ಕೊಟ್ಟಿದ್ದರಿಂದಲೇ ಕಾನ್‌ಸ್ಟಾನ್ಸ್‌ಗೆ ಬಂದ. ಬಂದ ಕೆಲವೇ ವಾರಗಳಲ್ಲಿ ಅವನನ್ನು ಸೆರೆಯಲ್ಲಿಟ್ಟರು.

ಅವನು ಸೆರೆಯಲ್ಲಿರುವಾಗಲೇ ಪ್ರಾಗ್‌ನಲ್ಲಿ ಹೊಸದೊಂದು ಸಂಗತಿ ನಡೆಯುತ್ತಿತ್ತು. ಚರ್ಚಿನ ಆರಾಧನೆಯಲ್ಲಿ ಯೇಸುವಿನ ಕೊನೆಯ ಭೋಜನದ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಇರುತ್ತವೆ. ಪಶ್ಚಿಮದ ಚರ್ಚುಗಳಲ್ಲಿ ಆ ಹೊತ್ತಿಗೆ ಜನಸಾಮಾನ್ಯರಿಗೆ ಸಿಗುತ್ತಿದ್ದದ್ದು ರೊಟ್ಟಿ ಮಾತ್ರ. ಪಾನಪಾತ್ರೆಗೆ ಬಾಯಿ ಇಡುವವನು ಪೂಜೆ ನಡೆಸುವ ಪಾದ್ರಿಯೊಬ್ಬನೇ. 1414ರಲ್ಲಿ ಹುಸ್‌ನ ಗೆಳೆಯ, ಸ್ಟ್ರೀಬ್ರೋ ಊರಿನ ಯಾಕೌಬೆಕ್, ಪ್ರಾಗ್‌ನಲ್ಲಿ ಆ ಪಾತ್ರೆಯನ್ನು ಎಲ್ಲರ ಕೈಗೂ ಕೊಟ್ಟ. ಯೇಸು ಎಲ್ಲರೂ ಕುಡಿಯಲಿ ಎಂದಿದ್ದ ಮೇಲೆ ನಡುವೆ ತಡೆಯಲು ಯಾರಿಗೆ ಅಧಿಕಾರ ಎಂಬುದು ಅವನ ವಾದ. ಹುಸ್ ಸೆರೆಮನೆಯಿಂದಲೇ ಕಾಗದ ಬರೆದು ಅದನ್ನು ಒಪ್ಪಿದ. 1415ರ ಜೂನ್ 15ರಂದು ಕಾನ್‌ಸ್ಟಾನ್ಸ್ ಸಭೆ ಆ ಪದ್ಧತಿಯನ್ನು ನಿಷೇಧಿಸಿತು. ಜುಲೈ 6ರಂದು ಹುಸ್‌ನನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಬೊಹೆಮಿಯಾದವರು ಬೂದಿಯನ್ನೂ ಪವಿತ್ರವೆಂದು ಕೊಂಡೊಯ್ಯಬಾರದೆಂದು ಅದನ್ನು ರೈನ್ ನದಿಗೆ ಸುರಿದರು.

ಏಪ್ರಿಲ್ 30, ಜೂನ್ 15, ಜುಲೈ 6. ಹತ್ತು ವಾರಗಳೊಳಗೆ, ಒಂದೇ ಊರಿನಲ್ಲಿ, ಒಬ್ಬನೇ ರಾಜನ ಕಣ್ಣೆದುರು ಹದ್ದು ಹೊಸ ಮನೆತನದ ಕೈಗೆ ಬಂತು, ಪಾನಪಾತ್ರೆ ಅಪರಾಧವಾಯಿತು. ಗುರಾಣಿಯಲ್ಲಿ ಅಕ್ಕಪಕ್ಕ ಕುಳಿತಿರುವ ಎರಡು ಚಿತ್ರಗಳ ನಡುವಿನ ಗೆರೆಯನ್ನು ನೋಡುವಾಗ ನನಗೆ ಈ ಮೂರು ತಾರೀಖುಗಳು ನೆನಪಾಗುತ್ತವೆ.

ಮುಂದಿನದು ಯುದ್ಧದ ಕಥೆ. ಹುಸ್‌ನ ಸಾವಿನಿಂದ ಬೊಹೆಮಿಯಾ ಹೊತ್ತಿಕೊಂಡಿತು. ಹುಸ್ಸೈಟರು ಎಂದು ಹೆಸರಾದ ಅವನ ಅನುಯಾಯಿಗಳು ಪಾನಪಾತ್ರೆಯನ್ನೇ ಬಾವುಟದ ಮೇಲೆ ಬರೆಸಿಕೊಂಡರು. ಒಕ್ಕಣ್ಣ ಯಾನ್ ಝಿಷ್ಕಾನ ಕೈಕೆಳಗೆ ರೈತರು ಗಾಡಿಗಳನ್ನು ಸರಪಳಿಯಿಂದ ಬಿಗಿದು ಚಲಿಸುವ ಕೋಟೆ ಕಟ್ಟಿದರು, ಕಣ ಬಡಿಯುವ ಕೋಲುಗಳಿಗೆ ಕಬ್ಬಿಣದ ಮುಳ್ಳು ಹೊಡೆದು ಆಯುಧ ಮಾಡಿಕೊಂಡರು. ಪೋಪನ ಕರೆಯ ಮೇಲೆ ಬಂದ ಧರ್ಮಯುದ್ಧದ ಸೈನ್ಯಗಳೆಲ್ಲ ಒಂದಾದ ಮೇಲೊಂದು ಸೋತವು. ಐದನೆಯ, ಕೊನೆಯ ದಂಡಯಾತ್ರೆಯ ಸೇನಾಪತಿ ಬ್ರಾಂಡೆನ್‌ಬುರ್ಗ್‌ನ ಅದೇ ಫ್ರೀಡ್ರಿಖ್. 1431ರ ಆಗಸ್ಟ್ 14ರಂದು ಡೊಮಾಜ್ಲಿತ್ಸೆ ಎಂಬಲ್ಲಿ ಅವನ ಸೈನ್ಯ ಕೈಗೆ ಕೈ ಹತ್ತುವ ಮೊದಲೇ ದಿಕ್ಕಾಪಾಲಾಯಿತು. ದೂರದಿಂದ ಹುಸ್ಸೈಟರ ಹಾಡು ಕೇಳಿಯೇ ಓಡಿದರೆಂದು ಝೆಕ್ ಜನ ಹೇಳುತ್ತಾರೆ. ಪೋಪನ ಪ್ರತಿನಿಧಿ ಕಾರ್ಡಿನಲ್ ಚೆಸಾರಿನಿ ತನ್ನ ಟೋಪಿ, ನಿಲುವಂಗಿಗಳನ್ನೂ ಬಿಟ್ಟು ಓಡಿದ.

ಮರುವರ್ಷ ಹುಸ್ಸೈಟರೇ ಬ್ರಾಂಡೆನ್‌ಬುರ್ಗ್‌ಗೆ ನುಗ್ಗಿದರು. ಊರೂರು ಸುಡುತ್ತ ಬಂದು 1432ರ ಏಪ್ರಿಲ್‌ನಲ್ಲಿ ಬೆರ್ನಾವ್ ಎಂಬ ಪಟ್ಟಣಕ್ಕೆ ಮುತ್ತಿಗೆ ಹಾಕಿದರು. ರಿಕ್ಸ್‌ಡೋರ್ಫ್‌ನಿಂದ ಅದು ಒಂದು ದಿನದ ನಡಿಗೆ. ಬೆರ್ನಾವ್ ಬಿಯರಿಗೆ ಹೆಸರಾದ ಊರು. ಕೋಟೆಗೋಡೆಯ ಮೇಲಿನಿಂದ ಹೆಂಗಸರು ಬಿಯರಿನ ಕುದಿಯುವ ಗಂಜಿಯನ್ನು ಮುತ್ತಿಗೆಕಾರರ ಮೇಲೆ ಸುರಿದರೆಂಬ ಐತಿಹ್ಯವಿದೆ. ಊರು ಉಳಿಯಿತು. ಆ ಗೆಲುವಿನ ಹೆಸರಿನಲ್ಲಿ ಬೆರ್ನಾವ್‌ನಲ್ಲಿ ಇಂದಿಗೂ ಹಬ್ಬ ನಡೆಯುತ್ತದೆ. ಆಗಿನ ರಿಕ್ಸ್‌ಡೋರ್ಫ್ ಜೋಹಾನಿಟರ್ ಪಂಥದ ಹಳ್ಳಿ. ಪ್ರಾಗ್‌ನಲ್ಲಿದ್ದ ಅದೇ ಪಂಥದ ಮಠವನ್ನು ಹುಸ್ಸೈಟರು 1420ರಲ್ಲಿ ಹಾಳುಗೆಡವಿದ್ದರು. ಆ ವಸಂತದಲ್ಲಿ ರಿಕ್ಸ್‌ಡೋರ್ಫ್‌ನ ಒಕ್ಕಲುಗಳಿಗೆ ಪಾನಪಾತ್ರೆ ಎಂದರೆ ಬೆಂಕಿ ಹಚ್ಚಲು ಬರುವವರ ಗುರುತು, ಅಷ್ಟೆ.

ಮೂರು ವರ್ಷಕ್ಕೆ, 1435ರಲ್ಲಿ, ಜೋಹಾನಿಟರ್‌ಗಳಿಗೂ ಬರ್ಲಿನ್-ಕೋಲ್ನ್ ಅವಳಿ ಪಟ್ಟಣಗಳಿಗೂ ಗಡಿಯ ತಕರಾರು ಹೊಡೆದಾಟಕ್ಕೆ ಹೋಯಿತು. ಸೋತ ಜೋಹಾನಿಟರ್‌ಗಳು ಟೆಂಪೆಲ್‌ಹೋಫ್, ಮಾರಿಯೆನ್‌ಡೋರ್ಫ್, ಮಾರಿಯೆನ್‌ಫೆಲ್ಡೆ, ರಿಕ್ಸ್‌ಡೋರ್ಫ್ ಹಳ್ಳಿಗಳನ್ನು ಆ ಪಟ್ಟಣಗಳಿಗೇ ಮಾರಿ ಹೊರಟರು. ಆಮೇಲಿನ ಮುನ್ನೂರು ವರ್ಷ ರಿಕ್ಸ್‌ಡೋರ್ಫ್ ಹೇಳಿಕೊಳ್ಳುವಂಥದ್ದೇನೂ ನಡೆಯದ ಊರು. ಕಥೆ ಮುಂದುವರಿದದ್ದು ಬೊಹೆಮಿಯಾದಲ್ಲಿ.

ಅಲ್ಲಿ 1436ರಲ್ಲಿ ರಾಜಿಯಾಯಿತು. ಪಾನಪಾತ್ರೆಗೆ ಅನುಮತಿ ಸಿಕ್ಕಿತು. ಆ ರಾಜಿಯಿಂದ ತೃಪ್ತರಾಗದ, ಯುದ್ಧದ ರಕ್ತಪಾತದಿಂದ ಬೇಸತ್ತ ಒಂದು ಗುಂಪು 1457ರಲ್ಲಿ ಕುನ್ವಾಲ್ಡ್ ಎಂಬ ಹಳ್ಳಿಗೆ ಹೋಗಿ ತಮ್ಮದೇ ಸಭೆ ಕಟ್ಟಿಕೊಂಡಿತು. ಬೊಹೆಮಿಯಾದ ಸಹೋದರರು ಎಂದು ಅವರಿಗೆ ಹೆಸರು. ಕತ್ತಿ ಹಿಡಿಯುವುದಿಲ್ಲ, ಆಣೆ ಪ್ರಮಾಣ ಮಾಡುವುದಿಲ್ಲ, ಕೈಕೆಲಸ ಮಾಡಿ ಬದುಕುತ್ತೇವೆ ಎಂದವರು ಅವರು. ಗಾಡಿಕೋಟೆಯ ಹುಸ್ಸೈಟರಿಂದ ಇವರು ಎಷ್ಟು ದೂರ ಬಂದಿದ್ದರು ಎಂಬುದನ್ನು ಗಮನಿಸಬೇಕು. ರಿಕ್ಸ್‌ಡೋರ್ಫ್‌ಗೆ ಕೊನೆಗೆ ಪಾನಪಾತ್ರೆಯನ್ನು ತಂದವರಲ್ಲಿ ಬಹಳಷ್ಟು ಮಂದಿ ಈ ಶಾಂತಪಂಥದ ವಾರಸುದಾರರು.

1620ರ ನವೆಂಬರ್ 8ರಂದು ಪ್ರಾಗ್ ಬಳಿಯ ಬಿಳಿಬೆಟ್ಟದ ಕದನದಲ್ಲಿ ಹ್ಯಾಬ್ಸ್‌ಬುರ್ಗ್ ಸಾಮ್ರಾಟನ ಸೈನ್ಯ ಗೆದ್ದಿತು. ಮರುವರ್ಷ ಪ್ರಾಗ್‌ನ ಹಳೆಪೇಟೆಯ ಚೌಕದಲ್ಲಿ 27 ಮುಖಂಡರ ತಲೆದಂಡವಾಯಿತು. ಅದೇ ಚೌಕಕ್ಕೆ ಮುಖ ಮಾಡಿರುವ ಟೀನ್ ಚರ್ಚಿನ ನೆತ್ತಿಯ ಮೇಲೆ ಚಿನ್ನದ ಲೇಪದ ದೊಡ್ಡದೊಂದು ಪಾನಪಾತ್ರೆ ಇತ್ತು. ಅದನ್ನು ಕಿತ್ತು ಕರಗಿಸಿ, ಆ ಜಾಗದಲ್ಲಿ ಮೇರಿಯಮ್ಮನ ಮೂರ್ತಿ ನಿಲ್ಲಿಸಿ, ಕರಗಿಸಿದ ಚಿನ್ನದಿಂದ ಆಕೆಯ ಪ್ರಭಾವಳಿ ಮಾಡಿದರು. 1627ರ ಹೊಸ ಕಾನೂನಿನ ಪ್ರಕಾರ ಬೊಹೆಮಿಯಾದಲ್ಲಿ ಕ್ಯಾಥೊಲಿಕ್ ಧರ್ಮ ಒಂದಕ್ಕೇ ಜಾಗ. ಸಿರಿವಂತರು, ಓದಿದವರು ದೇಶ ಬಿಟ್ಟರು. ಸಹೋದರರ ಧರ್ಮಾಧ್ಯಕ್ಷ, ಮಕ್ಕಳಿಗೆ ಚಿತ್ರಗಳ ಮೂಲಕ ಪಾಠ ಹೇಳುವ ಪುಸ್ತಕ ಬರೆದ ಕೊಮೇನಿಯಸ್ 1628ರಲ್ಲಿ ದೇಶಭ್ರಷ್ಟನಾಗಿ 1670ರಲ್ಲಿ ಹಾಲೆಂಡಿನಲ್ಲಿ ಸತ್ತ.

ಬಡವರು ಎಲ್ಲಿಗೆ ಹೋಗಬೇಕು? ಅವರು ಊರಲ್ಲೇ ಉಳಿದು, ಭಾನುವಾರ ಕ್ಯಾಥೊಲಿಕ್ ಚರ್ಚಿಗೆ ಹೋಗಿ, ರಾತ್ರಿ ಬಾಗಿಲು ಹಾಕಿಕೊಂಡು ಅಜ್ಜನ ಕಾಲದ ಝೆಕ್ ಬೈಬಲ್ ಓದಿದರು. ನೂರು ವರ್ಷ ಹಾಗೆ ಕಳೆಯಿತು. ನಾಲ್ಕು ತಲೆಮಾರು ಒಂದು ನಂಬಿಕೆಯನ್ನು ಗೋಡೆಯ ಸಂದಿನಲ್ಲಿಟ್ಟು ಕಾಪಾಡುವುದು ಎಂದರೆ ಸಾಮಾನ್ಯವಲ್ಲ. ಅವರ ಬೆನ್ನುಹತ್ತಿದವರಲ್ಲಿ ಅಂತೋನಿನ್ ಕೊನಿಯಾಷ್ ಎಂಬ ಜೆಸ್ಯುಯಿಟ್ ಪಾದ್ರಿ ಹೆಸರಾದವನು. ಮನೆಮನೆ ಶೋಧಿಸಿ ಸಾವಿರಾರು ಝೆಕ್ ಪುಸ್ತಕಗಳನ್ನು ಸುಟ್ಟ. ಯಾವ ಯಾವ ಪುಸ್ತಕ ಹಿಡಿಯಬೇಕೆಂಬ ಪಟ್ಟಿಯನ್ನೂ 1729ರಲ್ಲಿ ಅಚ್ಚು ಹಾಕಿಸಿದ.

ಆಗ ಶುರುವಾಯಿತು ರಾತ್ರಿಯ ಗುಳೆ. ಪೂರ್ವ ಬೊಹೆಮಿಯಾದ ಚೆರ್ಮ್ನಾ ಹಳ್ಳಿ ಮತ್ತು ಅದರ ಸುತ್ತಮುತ್ತಲಿನ ಕುಟುಂಬಗಳು ಹೊಲ ಮನೆ ದನ ಎಲ್ಲ ಬಿಟ್ಟು, ಮಕ್ಕಳನ್ನು ಹೊತ್ತು ಗಡಿ ದಾಟಿದವು. ಜೀತದ ಒಕ್ಕಲುಗಳಿಗೆ ಒಡೆಯನ ಅಪ್ಪಣೆಯಿಲ್ಲದೆ ಊರು ಬಿಡುವುದೇ ಅಪರಾಧ, ಸಿಕ್ಕಿಬಿದ್ದರೆ ಸೆರೆಮನೆ. ಸ್ಯಾಕ್ಸನಿಯ ಗಡಿಯೊಳಗಿನ ಗೆರ್ಲಾಖ್ಸ್‌ಹೈಮ್‌ನಲ್ಲಿ ಒಂದಷ್ಟು ವರ್ಷ ತಂಗಿದರು. ಅಲ್ಲಿಯೂ ನೆಮ್ಮದಿ ಸಿಗದೆ ಮತ್ತೆ ಗಂಟು ಕಟ್ಟಿ ಉತ್ತರಕ್ಕೆ, ಬರ್ಲಿನ್ನಿನ ಕಡೆಗೆ ನಡೆದರು.

ಬರ್ಲಿನ್ನಿನಲ್ಲಿ ಆಗ ಆಳುತ್ತಿದ್ದವನು ಪ್ರಶ್ಯದ ರಾಜ ಒಂದನೆಯ ಫ್ರೀಡ್ರಿಖ್ ವಿಲ್‌ಹೆಲ್ಮ್. ಸಿಪಾಯಿ ರಾಜ ಎಂದೇ ಚರಿತ್ರೆಯಲ್ಲಿ ಹೆಸರು. ಕೆಂಪು ಹದ್ದಿನ ಮನೆತನದವನು, ಡೊಮಾಜ್ಲಿತ್ಸೆಯಲ್ಲಿ ಸೋತ ಫ್ರೀಡ್ರಿಖ್‌ನ ವಂಶದ ಕುಡಿ. ಪ್ರಶ್ಯದಲ್ಲಿ ನೆಲವಿತ್ತು, ಜನ ಸಾಲದು. ಅವನ ಅಜ್ಜ 1685ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟಂಟರಿಗೆ ಬಾಗಿಲು ತೆರೆದಿದ್ದ. ಫ್ರೀಡ್ರಿಖ್ ವಿಲ್‌ಹೆಲ್ಮ್ ತಾನೇ 1732ರಲ್ಲಿ ಸಾಲ್ಜ್‌ಬುರ್ಗ್‌ನಿಂದ ಹೊರದೂಡಲ್ಪಟ್ಟ ಸುಮಾರು 20 ಸಾವಿರ ಮಂದಿಯನ್ನು ಕರೆಸಿಕೊಂಡಿದ್ದ. ಬಂದವರಿಂದ ತೆರಿಗೆ ಬರುತ್ತದೆ, ನೇಯ್ಗೆ ಬರುತ್ತದೆ, ಪಾಳುಬಿದ್ದ ನೆಲ ಬೆಳೆಯುತ್ತದೆ ಎಂಬ ಲೆಕ್ಕ ಅವನಲ್ಲಿ ಖಂಡಿತ ಇತ್ತು. ಆ ಲೆಕ್ಕದಿಂದ ಅವನ ಕೆಲಸದ ಬೆಲೆ ಕಡಿಮೆಯಾಗುತ್ತದೆಂದು ನನಗೆ ಅನ್ನಿಸುವುದಿಲ್ಲ. ನಿರಾಶ್ರಿತರಿಗೆ ಬೇಕಾದದ್ದು ನೆಲ, ಸೂರು, ದನ. ಅವನು ಅದನ್ನೇ ಕೊಟ್ಟ.

1737ರಲ್ಲಿ ರಾಜ ರಿಕ್ಸ್‌ಡೋರ್ಫ್‌ನ ಗೌಡಿಕೆಯ ಜಮೀನನ್ನು ಕೊಂಡು, ಅದನ್ನು ಹಂಚಿ 18 ಕುಟುಂಬಗಳನ್ನು ನೆಲೆ ನಿಲ್ಲಿಸಿದ. ಒಂದೊಂದರಲ್ಲಿ ಎರಡೆರಡು ಸಂಸಾರ ಇರುವಂತೆ ಒಂಬತ್ತು ಜೋಡಿಮನೆಗಳು, ಹಿಂದೆ ಕಣಜಗಳು. ಉಳುಮೆಗೆ ಕುದುರೆ, ಹಾಲಿಗೆ ಹಸು, ನೇಗಿಲು ಮುಂತಾದ ಸಾಮಾನು. ಕೆಲವು ವರ್ಷ ಕಂದಾಯವಿಲ್ಲ, ಗಂಡುಮಕ್ಕಳನ್ನು ಸೈನ್ಯಕ್ಕೆ ಹಿಡಿಯುವಂತಿಲ್ಲ. ಉದ್ದ ಆಳುಗಳನ್ನು ಯುರೋಪಿನ ಮೂಲೆಮೂಲೆಯಿಂದ ತನ್ನ ಪಡೆಗೆ ತರಿಸುತ್ತಿದ್ದ ರಾಜ, ಕತ್ತಿ ಹಿಡಿಯದ ಪಂಥದವರಿಗೆ ಕೊಟ್ಟ ಈ ವಿನಾಯಿತಿ ಸಣ್ಣದಲ್ಲ.

ಹಳೆಯ ರಿಕ್ಸ್‌ಡೋರ್ಫ್‌ನ ಜರ್ಮನ್ ರೈತರು ಹೊಸಬರನ್ನು ತಬ್ಬಿಕೊಂಡರೆಂದೇನೂ ಅಲ್ಲ. ತಮ್ಮ ಊರಿನ ನೆಲ ತಮಗೆ ಅರ್ಥವಾಗದ ಭಾಷೆ ಆಡುವವರಿಗೆ ಹೋದದ್ದು ಯಾರಿಗೆ ಹಿತವಾದೀತು? ಎರಡು ಊರುಗಳು ಒಂದರ ಮಗ್ಗುಲಲ್ಲಿ ಒಂದು, ಬೇರೆಬೇರೆಯಾಗಿಯೇ ಬೆಳೆದವು. ಒಂದು ಜರ್ಮನ್ ರಿಕ್ಸ್‌ಡೋರ್ಫ್, ಇನ್ನೊಂದು ಬೊಹೆಮಿಯದ ರಿಕ್ಸ್‌ಡೋರ್ಫ್. 1797ರಿಂದ ಆಡಳಿತವೂ ಬೇರೆಯಾಯಿತು. ಬೊಹೆಮಿಯದವರೊಳಗೂ ಒಂದೇ ಮತವಿರಲಿಲ್ಲ. ಬೊಹೆಮಿಯಾದ ಸಹೋದರರ ಪರಂಪರೆಯ ಹೆರ್ನ್‌ಹುಟ್ ಸಹೋದರರು, ಲೂಥರನ ಅನುಯಾಯಿಗಳು, ಕ್ಯಾಲ್ವಿನನ ಅನುಯಾಯಿಗಳು ಎಂದು ಮೂರು ಸಭೆಗಳಾದವು. ನಂಬಿಕೆಗಾಗಿ ಮನೆಮಾರು ಬಿಟ್ಟವರು ನಂಬಿಕೆಯ ಸಣ್ಣ ವ್ಯತ್ಯಾಸವನ್ನೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಅವರ ಗುರುತುಗಳನ್ನು ಇವತ್ತೂ ಕಾಣಬಹುದು. ರಿಖಾರ್ಡ್‌ಪ್ಲಾಟ್ಸ್ ಎಂಬ ಹಳೆಯ ಊರಚೌಕದ ಹತ್ತಿರ ಕಿರ್ಖ್‌ಗಾಸೆ ಎಂಬ ಕಿರುಬೀದಿ ಇದೆ. ಝೆಕ್ ಜನ ಅದನ್ನು ಮಾಲಾ ಉಲಿಚ್ಕಾ, ಅಂದರೆ ಸಣ್ಣ ಓಣಿ ಎಂದು ಕರೆಯುತ್ತಿದ್ದರು. ಅಲ್ಲಿ 1753ರಲ್ಲಿ ಅವರು ಕಟ್ಟಿಕೊಂಡ ಶಾಲೆಯ ಮನೆ ನಿಂತಿದೆ. ಒಂದೇ ಅಂತಸ್ತಿನ, ಇಳಿಜಾರು ಮಾಡಿನ ಸಾದಾ ಕಟ್ಟಡ. ಬೀದಿಗೆ ಮುಖ ಮಾಡಿರುವ ತ್ರಿಕೋನದ ಗೋಡೆಯ ಮೇಲೆ ಗಾರೆಯಲ್ಲಿ ಮಾಡಿದ ಒಂದು ಪುಟ್ಟ ಪಾನಪಾತ್ರೆ. ಪ್ರಾಗ್‌ನ ಟೀನ್ ಚರ್ಚಿನ ಚಿನ್ನದ ಪಾತ್ರೆಯನ್ನು ಕರಗಿಸಿ ಆಗ ನೂರು ವರ್ಷ ದಾಟಿತ್ತು. ಈ ಗಾರೆಯ ಪಾತ್ರೆಯನ್ನು ನೋಡುತ್ತ ಮಕ್ಕಳು ಶಾಲೆಗೆ ಹೋದರು. ಸ್ವಲ್ಪ ದೂರದಲ್ಲಿ 1751ರ ಬೊಹೆಮಿಯದ ಸ್ಮಶಾನ. ಅಲ್ಲಿನ ಹಳೆಯ ಸಮಾಧಿಕಲ್ಲುಗಳ ಬರಹ ಝೆಕ್ ಭಾಷೆಯದು.

1849ರ ದೊಡ್ಡ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟಿತು, ಮತ್ತೆ ಕಟ್ಟಿದರು. 1874ರ ಜನವರಿ 1ರಂದು ಎರಡು ರಿಕ್ಸ್‌ಡೋರ್ಫ್‌ಗಳೂ ಒಂದಾದವು. ಅಷ್ಟರಲ್ಲಿ ಬರ್ಲಿನ್ ಕೈಗಾರಿಕಾ ನಗರವಾಗಿತ್ತು, ವರ್ತುಲ ರೈಲು ಬಂದಿತ್ತು. ಪ್ರಾಂತ್ಯಗಳಿಂದ ಕೂಲಿ ಹುಡುಕಿಕೊಂಡು ಬಂದವರಿಗೆ ರಿಕ್ಸ್‌ಡೋರ್ಫ್‌ನ ಬಾಡಿಗೆ ಕೈಗೆಟುಕುತ್ತಿತ್ತು. ಹೊಲಗಳ ಮೇಲೆ ಐದೈದು ಅಂತಸ್ತಿನ ವಠಾರಗಳು ಎದ್ದವು. 1890ರ ದಶಕದ ಹೊತ್ತಿಗೆ ಪ್ರಶ್ಯದ ಅತಿ ದೊಡ್ಡ ಹಳ್ಳಿ ಎಂದರೆ ರಿಕ್ಸ್‌ಡೋರ್ಫ್. ಜನಸಂಖ್ಯೆ ನಗರದ್ದು, ಕಾನೂನಿನ ಲೆಕ್ಕದಲ್ಲಿ ಹಳ್ಳಿ. 1899ರ ಏಪ್ರಿಲ್ 1ರಂದು ಅಂತೂ ನಗರದ ಹಕ್ಕು ಸಿಕ್ಕಿತು. ಮರುವರ್ಷದ ಗಣತಿಯಲ್ಲಿ 90 ಸಾವಿರ ಜನ. 1874ರಿಂದ ಊರಿನ ಆಡಳಿತ ನೋಡಿಕೊಂಡಿದ್ದ ಹೆರ್ಮನ್ ಬೊಡ್ಡಿನ್ ಮೊದಲ ಮೇಯರ್ ಆದ.

ನಗರವಾದ ಮೇಲೆ ಲಾಂಛನ ಬೇಕಲ್ಲ. ಆ ಹೊತ್ತಿನ ರಿಕ್ಸ್‌ಡೋರ್ಫ್‌ಗೆ ಒಪ್ಪುವ ಗುರುತುಗಳಿಗೇನೂ ಕೊರತೆಯಿರಲಿಲ್ಲ. ಕಾರ್ಖಾನೆಯ ಹಲ್ಲುಚಕ್ರ ಇತ್ತು, ರೈಲು ಇತ್ತು, ಬಿಯರಿನ ಭಟ್ಟಿ ಇತ್ತು. ಕೈಸರ್‌ನನ್ನು ಮೆಚ್ಚಿಸಬೇಕೆಂದರೆ ಹದ್ದೊಂದೇ ಸಾಕಿತ್ತು. 1903ರಲ್ಲಿ ಎರಡನೆಯ ವಿಲ್‌ಹೆಲ್ಮ್ ಕೈಸರ್‌ನ ಅನುಮೋದನೆ ಪಡೆದ ಗುರಾಣಿಯಲ್ಲಿ ಊರನ್ನು ಹುಟ್ಟಿಸಿದ ಜೋಹಾನಿಟರ್‌ಗಳಿಗೆ ಕೆಳಗೆ, ಇಡೀ ಅಗಲದ ಜಾಗ ಸಿಕ್ಕಿತು. ಆಳುವ ಹದ್ದಿಗೆ ಮೇಲೆ ಒಂದು ಪಾಲು. ಇನ್ನೊಂದು ಪಾಲು ಪಾನಪಾತ್ರೆಗೆ.

ಯಾವ ಪಾಲು ಎಂಬುದು ಮುಖ್ಯ. ಲಾಂಛನಶಾಸ್ತ್ರದಲ್ಲಿ ಬಲ-ಎಡಗಳನ್ನು ಗುರಾಣಿ ಹಿಡಿದವನ ಕಡೆಯಿಂದ ಎಣಿಸುತ್ತಾರೆ, ನೋಡುವವನ ಕಡೆಯಿಂದಲ್ಲ. ನಮ್ಮ ಕಣ್ಣಿಗೆ ಎಡಕ್ಕಿರುವುದು ಗುರಾಣಿಯ ಬಲ. ಮೇಲುಗಡೆಯ ಬಲ ಮೂಲೆ ಅಗ್ರಸ್ಥಾನ, ಗೌರವದಲ್ಲಿ ಮೊದಲನೆಯದು. ರಿಕ್ಸ್‌ಡೋರ್ಫ್‌ನ ಗುರಾಣಿಯಲ್ಲಿ ಅಲ್ಲಿ ಇರುವುದು ಪಾನಪಾತ್ರೆ. ಐನೂರು ವರ್ಷ ಆಳಿದ ಮನೆತನದ ಹದ್ದು ಎರಡನೆಯ ಸ್ಥಾನದಲ್ಲಿದೆ. 90 ಸಾವಿರ ಜನರ ಊರಿನಲ್ಲಿ ಬೊಹೆಮಿಯದ ವಂಶಸ್ಥರು ಒಂದು ಸಣ್ಣ ಪಾಲು ಮಾತ್ರ. ಅವರ ಹಿರಿಯರು ರಾತ್ರಿ ಗಡಿ ದಾಟಿ ಬರಿಗೈಯಲ್ಲಿ ಬಂದವರು. ಅಂಥವರ ಗುರುತು ಇಡೀ ಊರಿನ ಗುರುತಾಗಿ ಮೊದಲ ಸ್ಥಾನ ಪಡೆಯಿತು, ಕೈಸರ್ ಅದಕ್ಕೆ ಒಪ್ಪಿಗೆ ಹಾಕಿದ. ಹೊಸದಾಗಿ ನಗರವಾದ ಊರಿಗೆ ತನಗೊಂದು ಘನವಾದ ಪೂರ್ವಕಥೆ ಇದೆಯೆಂದು ತೋರಿಸಿಕೊಳ್ಳುವ ಆಸೆಯೂ ಅದರಲ್ಲಿ ಸೇರಿದ್ದಿರಬೇಕು. ಆದರೂ ಆರಿಸಿಕೊಂಡದ್ದು ನಿರಾಶ್ರಿತರ ಕಥೆಯನ್ನು.

ಘನತೆಯ ಆಸೆ ಹೆಸರಿನ ವಿಷಯದಲ್ಲಿ ಬೇರೆಯೇ ರೂಪ ತಾಳಿತು. ರಿಕ್ಸ್‌ಡೋರ್ಫ್ ಎಂದರೆ ಬರ್ಲಿನ್ನಿನವರಿಗೆ ಹಾಸೆನ್‌ಹೈಡೆ ಎಂಬ ಜಾಗದ ಸುತ್ತಲಿನ ಕುಣಿತದ ಮನೆಗಳು, ಬಿಯರ್ ತೋಟಗಳು, ಭಾನುವಾರದ ಗದ್ದಲ. ರಿಕ್ಸ್‌ಡೋರ್ಫ್‌ನ ಮೋಜಿನ ಮೇಲೆ ಕಟ್ಟಿದ ಪೋಲ್ಕಾ ಹಾಡೊಂದು ದೇಶದ ತುಂಬ ಹಬ್ಬಿ ಊರಿನ ಹೆಸರನ್ನೇ ತಮಾಷೆಯ ಮಾತಾಗಿಸಿತ್ತು. ವಾಸ್ತುಶಿಲ್ಪಿ ರೈನ್‌ಹೋಲ್ಡ್ ಕೀಲ್ 1905ರಿಂದ 1908ರ ನಡುವೆ ಎತ್ತರದ ಗೋಪುರದ ಪುರಭವನ ಕಟ್ಟಿಕೊಟ್ಟ. ಅಷ್ಟಾದರೂ ಹೆಸರಿನ ಕಳಂಕ ಹೋಗಲಿಲ್ಲ. 1910ರಲ್ಲಿ 2 ಲಕ್ಷ 37 ಸಾವಿರ ಜನರಿದ್ದ ನಗರ 1912ರ ಜನವರಿ 27ರಂದು, ಕೈಸರ್‌ನ ಹುಟ್ಟುಹಬ್ಬದ ದಿನ, ನೊಯ್‌ಕೋಲ್ನ್ ಆಯಿತು. ಅದೇ ವರ್ಷ ಬೊಹೆಮಿಯದವರ ವಂಶಸ್ಥರು, ನೆಲೆ ಸಿಕ್ಕಿ 175 ವರ್ಷವಾದ ನೆನಪಿಗೆ, ಕಿರ್ಖ್‌ಗಾಸೆಯಲ್ಲಿ ಫ್ರೀಡ್ರಿಖ್ ವಿಲ್‌ಹೆಲ್ಮ್‌ನ ಪ್ರತಿಮೆ ನಿಲ್ಲಿಸಿದರು. ರಿಖಾರ್ಡ್‌ಪ್ಲಾಟ್ಸ್‌ನ ಹಳೆಯ ಹಳ್ಳಿಚರ್ಚಿಗೆ ಬೆತ್ಲೆಹೆಮ್ ಚರ್ಚ್ ಎಂದು ಹೆಸರಾಯಿತು, ಹುಸ್ ಉಪದೇಶ ಮಾಡುತ್ತಿದ್ದ ಪ್ರಾಗ್‌ನ ಮಂದಿರದ ಹೆಸರು. ನಗರ ತನ್ನ ಹೆಸರನ್ನು ಕಳಚಿಹಾಕಿದ ವರ್ಷವೇ ವಲಸಿಗರು ತಮ್ಮ ನೆನಪನ್ನು ಕಂಚಿನಲ್ಲಿ ಎರಕ ಹೊಯ್ದರು.

1920ರಲ್ಲಿ ನೊಯ್‌ಕೋಲ್ನ್ ಮಹಾಬರ್ಲಿನ್ನಿಗೆ ಸೇರಿತು. 1956ರಲ್ಲಿ ಬರ್ಲಿನ್ನಿನ ಆಡಳಿತ ಈ ಗುರಾಣಿಯನ್ನೇ ವಲಯದ ಲಾಂಛನವಾಗಿ ಕೊಟ್ಟಿತು. ಮೇಲೆ ಕೋಟೆಯಾಕಾರದ ಕಿರೀಟ ಬಂತು, ಅದರ ನಡುಗೋಪುರದಲ್ಲಿ ಬರ್ಲಿನ್ನಿನ ಕರಡಿ. ಇಂದು ಆ ವಲಯದಲ್ಲಿ 3 ಲಕ್ಷಕ್ಕೂ ಹೆಚ್ಚು ಜನ. ತುರ್ಕಿ, ಲೆಬನಾನ್, ಪ್ಯಾಲೆಸ್ತೀನ್, ಸಿರಿಯಾ, ಪೋಲೆಂಡ್, ಭಾರತ, ಶ್ರೀಲಂಕಾಗಳಿಂದ ಬಂದವರು ಅಲ್ಲಿ ನೆಲೆಸಿದ್ದಾರೆ. ಬ್ರಿಟ್ಸ್ ಎಂಬಲ್ಲಿ ತಮಿಳರ ಮುರುಗನ್ ದೇವಾಲಯವಿದೆ. ಜರ್ಮನಿಯ ಪತ್ರಿಕೆಗಳಲ್ಲಿ ನೊಯ್‌ಕೋಲ್ನ್ ಹೆಸರು ಬಂದರೆ ಹೆಚ್ಚಾಗಿ ಹೊರಗಿನಿಂದ ಬಂದವರ ಸಮಸ್ಯೆಯ ಜೊತೆಗೇ ಬರುತ್ತದೆ. ಹಾಗೆ ಬರೆಯುವವರು ಮೊದಲು ಅದರ ಲಾಂಛನವನ್ನು ಓದಬೇಕು. ಹೊರಗಿನಿಂದ ಬಂದವರನ್ನು ಅಗ್ರಸ್ಥಾನದಲ್ಲಿ ಕೂರಿಸಿದ ಊರು ಅದು.

ಕೆಲಸಕ್ಕೋ ಓದಿಗೋ ಬರ್ಲಿನ್ನಿಗೆ ಹೋಗುವ ಕನ್ನಡಿಗರು ಈಗ ಬಹಳ. ಯು7 ಮೆಟ್ರೋದಲ್ಲಿ ಕಾರ್ಲ್-ಮಾರ್ಕ್ಸ್-ಸ್ಟ್ರಾಸ ನಿಲ್ದಾಣದಲ್ಲಿ ಇಳಿದರೆ ರಿಖಾರ್ಡ್‌ಪ್ಲಾಟ್ಸ್ ಕೆಲವೇ ನಿಮಿಷಗಳ ದಾರಿ. ಶಾಲೆಯ ಮನೆಯಲ್ಲಿ ಈಗ ಬೊಹೆಮಿಯದ ಹಳ್ಳಿಯ ವಸ್ತುಸಂಗ್ರಹಾಲಯವಿದೆ. ಅದು ದಿನವೂ ತೆರೆದಿರುವುದಿಲ್ಲ, ವೇಳೆ ವಿಚಾರಿಸಿಕೊಂಡು ಹೋಗಿ.